ಮಡಚುವ ಸೈಕಲ್ಲಿನಲ್ಲಿ ನಂದಿ ಬೆಟ್ಟ: ಹೊರಡುವ ಮೊದಲು ಹಲ್ಲು ಎಣಿಸಿ

ಚಿಕ್ಕ ಚಕ್ರದಲ್ಲಿ ಬೆಟ್ಟ ಹತ್ತೋಕಾಗಲ್ಲ ಅಂತ ತುಂಬಾ ಜನ ಹೇಳುತ್ತಾರೆ. 20 ಇಂಚಿನ ಮಡಚುವ ಸೈಕಲ್ಲಿನಲ್ಲಿ ನಾನು ನಂದಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಅರ್ಧ ದಾರಿ ತಳ್ಳಿದೆ. ಎರಡನೇ ಸಲ ಎಲ್ಲೂ ಕಾಲು ಊರದೆ ಮೇಲೆ ಮುಟ್ಟಿದೆ. ಚಕ್ರ ಅದೇ. ಬದಲಾಗಿದ್ದು ಗೇರು, ಮತ್ತೆ ನಾನು ಕೂರುವ ರೀತಿ.

ಸೈಕಲ್ ಕೊಂಡಾಗ ಮುಂದೆ, ಪೆಡಲ್ ಹತ್ತಿರದ ಗೇರು ಚಕ್ರಕ್ಕೆ 52 ಹಲ್ಲು, ಹಿಂದಿನ ಗೇರು ಚಕ್ರಗಳಿಗೆ 14ರಿಂದ 28 ಹಲ್ಲು ಇತ್ತು. ಊರೊಳಗೆ ಓಡಾಡೋಕೆ ಸಾಕು. ಆದರೆ ತೀರಾ ಹಗುರದ ಗೇರಿನಲ್ಲೂ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 2.8 ಮೀಟರ್ ಮುಂದೆ ಹೋಗುತ್ತದೆ. ಏರಿನಲ್ಲಿ ಆ ಭಾರವೆಲ್ಲ ಮೊಣಕಾಲಿಗೆ. ಮುಂದೆ 42 ಹಲ್ಲಿನ ಚೈನ್‌ರಿಂಗ್ (ಮುಂದಿನ ಗೇರು ಚಕ್ರ) ಹಾಕಿಸಿದೆ. ಈಗ ಸುತ್ತಿಗೆ 2.25 ಮೀಟರ್. ಚೈನನ್ನೂ ಗಿಡ್ಡ ಮಾಡಿಸಬೇಕು, ಮರೀಬೇಡಿ. ಹಿಂದೆ ಇನ್ನೂ ಹೆಚ್ಚು ಹಲ್ಲಿನ ಗೇರು ಚಕ್ರ ಹಾಕಿಸುವುದಾದರೆ ನಿಮ್ಮ ಡಿರೇಲರ್‌ಗೆ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅದು ಹೊಂದುತ್ತಾ ಅಂತ ಮೊದಲು ಕೇಳಿ. ಉದ್ದನೆಯ ಡಿರೇಲರ್ ಹಾಕಿಸಿದರೆ ಚಿಕ್ಕ ಚಕ್ರದಲ್ಲಿ ಅದು ನೆಲಕ್ಕೆ ತೀರಾ ಹತ್ತಿರ ಬರುತ್ತದೆ.

ಮೊದಲ ಸಲ ಮಾಡಿದ ದೊಡ್ಡ ತಪ್ಪು ಅಂದರೆ ಎದ್ದು ನಿಂತು ತುಳಿದಿದ್ದು. ಒಂದು ತಿರುವಿನ ಒಳಬದಿ, ಅಲ್ಲೇ ಏರು ಜಾಸ್ತಿ. ಹ್ಯಾಂಡಲ್ ಹಿಡಿದು ಎಳೆದೆ. ಉದ್ದನೆಯ ಹ್ಯಾಂಡಲ್ ಕಂಬ ಬಳುಕಿತು, ಮುಂದಿನ ಚಕ್ರ ಹಗುರಾಗಿ ಪಕ್ಕಕ್ಕೆ ಸರಿಯಿತು. ಹಿಂದೆ ಕಾರು ಇರಲಿಲ್ಲ, ಬಚಾವಾದೆ. ಇಂಥ ಸೈಕಲ್ಲಿನಲ್ಲಿ ಸೀಟಿನ ಕಂಬ ಹಿಂದಕ್ಕೆ ವಾಲಿರುತ್ತದೆ. ಸೀಟು ಎತ್ತರಿಸಿದಷ್ಟೂ ನಾವು ಹಿಂದಿನ ಚಕ್ರದ ಮೇಲೆ ಹೋಗುತ್ತೇವೆ. ಅದಕ್ಕೇ ಸೀಟನ್ನು ಒಂದೆರಡು ಸೆಂಟಿಮೀಟರ್ ಮುಂದಕ್ಕೆ ತಳ್ಳಿ. ಕೂತೇ ತುಳಿಯಿರಿ, ಎದೆ ಸ್ವಲ್ಪ ಬಗ್ಗಿಸಿ, ಕೈ ಸಡಿಲ ಬಿಡಿ. ಏರು ಶುರುವಾಗುವ ಮೊದಲೇ ಗೇರು ಇಳಿಸಿ. ತಿರುವಿನಲ್ಲಿ ಆದಷ್ಟು ಹೊರಬದಿ ಹಿಡಿಯಿರಿ, ಎದುರಿನಿಂದ ಬರುವ ವಾಹನ ನೋಡಿಕೊಂಡು.

ಬೆಂಗಳೂರಿಂದ ಸುಮಾರು 60 ಕಿ.ಮೀ. ಅಷ್ಟೂ ತುಳಿದು ದಣಿಯಬೇಡಿ. ಮಡಚಿ ಕಾರಿನ ಡಿಕ್ಕಿಗೆ ಹಾಕಿ ಬೆಟ್ಟದ ಬುಡದ ಹತ್ತಿರದ ಕಾರಹಳ್ಳಿ ಕ್ರಾಸ್ ಕಡೆ ಬನ್ನಿ. ಭಾನುವಾರ ಬೇಡ, ವಾಹನ ವಿಪರೀತ. ಬೆಟ್ಟದ ಏರು 7-8 ಕಿ.ಮೀ., ಮೇಲೆ 1,478 ಮೀಟರ್ ಎತ್ತರ. ಕೊನೆಯ ಭಾಗ ಕಡಿದಾಗಿದೆ, ಅಲ್ಲಿಗೆ ಶಕ್ತಿ ಉಳಿಸಿಕೊಳ್ಳಿ.

ಇಳಿಯುವ ಮುಂಚೆ ಫ್ರೇಮ್ ಮತ್ತು ಹ್ಯಾಂಡಲ್ ಕಂಬದ ಲಾಕ್ ಎರಡೂ ಬಿಗಿಯಾಗಿವೆಯಾ ಅಂತ ಕೈಯಿಂದ ಒತ್ತಿ ನೋಡಿ. ಬ್ರೇಕ್ ಒಂದೇ ಸಮ ಹಿಡಿದಿರಬೇಡಿ. ಚಿಕ್ಕ ರಿಮ್ ಬೇಗ ಕಾಯುತ್ತದೆ. ನಾನು ನಡುವೆ ಎರಡು ಕಡೆ ನಿಂತು ರಿಮ್ ಆರಿದ ಮೇಲೇ ಕೆಳಗೆ ಬಂದೆ.