ಮಾಗಿಯಲ್ಲಿ ಬೆಂಡೆಕಾಯಿ

ಇವತ್ತು ಬೆಳಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಹಿತ್ತಲಿಗೆ ಹೋದೆ. ಹೊರಗೆ 11 ಡಿಗ್ರಿ. ಬೆಂಡೆ ಮಡಿಗೆ ಹಾಕಿದ ಹೊದಿಕೆಯ ಒಳಗೆ 15. ಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೆ 18. ಅಲ್ಲೇ ನಿಂತು ಎರಡೆರಡು ಸಲ ನೋಡಿದೆ. ಮೂರು ಮಾಗಿಗಳಿಂದ ನಾನು ಕಾಯುತ್ತಿದ್ದ ಅಂಕಿ ಈ 18.

ನಮ್ಮೂರು ತಳಿ ಅನ್ನುವ ಊರಿನ ಹತ್ತಿರ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಸಂತೆಯಲ್ಲಿ ಇವೆರಡರ ಜೊತೆ ತೆಲುಗೂ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರ. ಬ್ರಿಟಿಷರು ತಳಿಯನ್ನು ಲಿಟಲ್ ಇಂಗ್ಲೆಂಡ್ ಅಂತ ಕರೆಯುತ್ತಿದ್ದರು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಇಲ್ಲಿ ನಿಂತವರಿಗೆ ಯಾಕೆ ಅಂತ ಗೊತ್ತಾಗುತ್ತದೆ. ಅದೇ ಜಿಲ್ಲೆಯ ಕೃಷ್ಣಗಿರಿ ಊರು ಕೆಳಗಿದೆ, ಮಾವಿನ ಸೀಮೆ. ಅಲ್ಲಿ ಮಾಗಿಯಲ್ಲೂ ಬೆಂಡೆ ಸುಲಭವಾಗಿ ಕಾಯಿ ಬಿಡುತ್ತದೆ. ಘಾಟಿ ಹತ್ತಿ ನಮ್ಮ ಕಡೆ ಬಂದರೆ ಬಿಡುವುದಿಲ್ಲ.

ನನಗೆ ಬೆಂಡೆಕಾಯಿಯೇ ಯಾಕೆ ಬೇಕಾಯಿತು ಅಂದರೆ, ನಮ್ಮ ಅತ್ತೆಗಾಗಿ. ಅವರಿಗೆ ಈಗ ಹಲ್ಲಿಲ್ಲ. ಎಳೆ ಬೆಂಡೆಕಾಯಿ ಹುಳಿ ಇದ್ದರೆ ಒಂದು ಮುದ್ದೆ ಜಾಸ್ತಿ ತಿನ್ನುತ್ತಾರೆ. ಚಳಿಗಾಲದಲ್ಲಿ ನಮ್ಮ ಕಡೆಯ ಅಂಗಡಿಗೆ ಬರುವ ಬೆಂಡೆ ಕೆಳಗಿನ ಊರುಗಳದ್ದು. ಕಿತ್ತು ಎರಡು ದಿನ ಆಗಿರುತ್ತದೆ, ನಾರು ಬಂದಿರುತ್ತದೆ. ಅವರು ಅಗಿಯಲಾರದೆ ತಟ್ಟೆಯ ಅಂಚಿಗೆ ಸರಿಸಿಡುವುದನ್ನು ನೋಡಲು ಆಗುತ್ತಿರಲಿಲ್ಲ.

2022ರ ನವೆಂಬರಿನಲ್ಲಿ ಮೊದಲ ಸಲ ಹಾಕಿದೆ. "ಮಾಗೀಲಿ ಅವರೆ ಬಿಟ್ಟು ಬೆಂಡೆ ಹಾಕ್ತಾರೇನಮ್ಮ? ಭೂಮಿ ಒಪ್ಪಲ್ಲ" ಅಂದರು ಅತ್ತೆ. ಅವರ ಮಾತು ಸರಿಯೇ. ಅವರೆಗೆ ಹೊತ್ತು ಕಿರಿದಾದರೆ ಹೂ ಬಿಡುವ ಗುಣವಿದೆ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ. ಬೆಂಡೆ ಹಾಗಲ್ಲ, ಅದು ಸೆಕೆಯ ಗಿಡ. ಮಣ್ಣು 17 ಡಿಗ್ರಿಗಿಂತ ತಣ್ಣಗಿದ್ದರೆ ಬೀಜ ಮೊಳೆಯುವುದೇ ಕಷ್ಟ. ಅದಕ್ಕೆ ಹಿತವಾದದ್ದು 25ರ ಆಸುಪಾಸು. ನಾನು ಹಾಕಿದ 40 ಬೀಜದಲ್ಲಿ 9 ಹುಟ್ಟಿದವು. ಹುಟ್ಟಿದವೂ ಎರಡೆಲೆಯಲ್ಲೇ ಹಳದಿ ತಿರುಗಿ ನಿಂತವು. ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಯಿತು ನೋಡಿ, ಆಮೇಲೆ ಹದಿನೈದೇ ದಿನದಲ್ಲಿ ಮೊಣಕಾಲೆತ್ತರ ಬಂದವು.

ಅದು ನನಗೆ ದೊಡ್ಡ ಪಾಠವಾಯಿತು. ನಾನು ಬಿಸಿಲು ಸಾಲದು ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಹಾಗಿಲ್ಲ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ 20 ನಿಮಿಷಕ್ಕೆ ಕಡಿಮೆ ಇಲ್ಲ. ಅದೇ ದಿನ ಲಂಡನ್ನಿನಲ್ಲಿ 8 ಗಂಟೆಯೂ ಇರುವುದಿಲ್ಲ. ಮಧ್ಯಾಹ್ನ ನಮ್ಮ ಹಿತ್ತಲಲ್ಲಿ 26, 27 ಡಿಗ್ರಿ ಬರುತ್ತದೆ. ಹಗಲು ಬೆಂಡೆಗೆ ಸಾಕಷ್ಟಿದೆ. ತೊಂದರೆ ಇರುವುದು ರಾತ್ರಿಯಲ್ಲಿ. ರಾತ್ರಿ ತಣಿದ ಮಣ್ಣು ಮತ್ತೆ ಕಾಯುವಷ್ಟರಲ್ಲಿ ಬೆಳಗಿನ ಹನ್ನೊಂದು ಗಂಟೆ ಆಗಿರುತ್ತದೆ. ಅಲ್ಲಿಯವರೆಗೆ ಬೇರು ಸುಮ್ನೆ ಕೂತಿರುತ್ತದೆ.

ಎರಡನೇ ವರ್ಷ ಬಿದಿರು ದಬ್ಬೆ ಬಗ್ಗಿಸಿ ಪ್ಲಾಸ್ಟಿಕ್ ಶೀಟ್ ಹೊದಿಸಿದೆ. ಹೊಸೂರು ಸುತ್ತ ಗುಲಾಬಿ ಬೆಳೆಯುವ ಪಾಲಿಹೌಸ್ ನೋಡಿ ನೋಡಿ, ಶೀಟ್ ಹಾಕಿದರೆ ಬೆಚ್ಚಗಿರುತ್ತದೆ ಅಂತ ನಂಬಿದ್ದೆ. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ತೋರಿಸುವ ಥರ್ಮಾಮೀಟರ್ ಒಳಗಿಟ್ಟೆ. ಹಗಲು 41. ರಾತ್ರಿ ಹೊರಗೆ 11 ಇದ್ದರೆ ಒಳಗೂ ಸರಿಯಾಗಿ 11! ಮೊದಲು ಥರ್ಮಾಮೀಟರೇ ಕೆಟ್ಟಿದೆ ಅನ್ನಿಸಿತು. ಆಮೇಲೆ ಓದಿ ತಿಳಿದೆ. ತೆಳು ಪಾಲಿಥೀನ್ ಗಾಳಿಯನ್ನು ತಡೆಯುತ್ತದೆ, ಆದರೆ ನೆಲ ರಾತ್ರಿಯಿಡೀ ಆಕಾಶದ ಕಡೆಗೆ ಬಿಡುವ ಶಾಖವನ್ನು ಬಹುಪಾಲು ಹೊರಗೆ ಬಿಟ್ಟುಬಿಡುತ್ತದೆ. ಮೋಡ ಇದ್ದ ರಾತ್ರಿ ಪರವಾಗಿಲ್ಲ. ನಕ್ಷತ್ರ ಚೆನ್ನಾಗಿ ಕಾಣುವ ರಾತ್ರಿ ಬಂದರೆ ಮುಗಿಯಿತು. ಅಷ್ಟರಲ್ಲಿ ಹಿಂಗಾರು ಮಳೆಯ ತೇವ ಒಳಗೇ ಉಳಿದು, ಬೆಂಡೆಯ ಜೊತೆ ಹಾಕಿದ್ದ ಸೌತೆ ಬಳ್ಳಿಗೆ ಬೂದಿ ರೋಗ ಬಂತು. 41ರ ಕಾವಿಗೆ ಟೊಮೆಟೊ ಹೂ ಉದುರಿತು. ಬಿಸಿಲು ತಡೆದುಕೊಳ್ಳುತ್ತದೆ ಅಂತ ಹೇಳಿ ಅಂಗಡಿಯವರು ಕೊಟ್ಟ ಶೀಟ್ ನಾಲ್ಕೇ ತಿಂಗಳಲ್ಲಿ ಹಪ್ಪಳದಂತೆ ಪುಡಿಯಾಯಿತು. ಕೊಳ್ಳುವಾಗ ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆದುಕೊಳ್ಳುವ, 200 ಮೈಕ್ರಾನ್ ದಪ್ಪದ ಶೀಟ್ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನನಗೆ ಆ ಬುದ್ಧಿ ತಡವಾಗಿ ಬಂತು.

ಈ ಸಲ ಎಲ್ಲ ಬೇರೆ ಥರ ಮಾಡಿದೆ.

ಮೊದಲನೆಯದು, ಬಿತ್ತುವ ಹೊತ್ತು. ಗಣೇಶನ ಹಬ್ಬ ಮುಗಿದ ವಾರವೇ ಬೀಜ ಹಾಕಿದೆ. ಬೀಜದ ತಳಿ ಅರ್ಕಾ ಅನಾಮಿಕ, ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದ್ದು. ಹಳದಿ ನಂಜು ರೋಗ ತಡೆಯಲೆಂದೇ ಮಾಡಿದ ತಳಿ. ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ನೀರೊಲೆಯ ಪಕ್ಕ ಎರಡು ದಿನ ಇಟ್ಟೆ. 40ರಲ್ಲಿ 36 ಮೊಳಕೆ ಒಡೆದವು. ಚಳಿ ಬರುವ ಹೊತ್ತಿಗೆ ಗಿಡ ಸೊಂಟದೆತ್ತರ ಇರಬೇಕು. ಚಳಿಯಲ್ಲಿ ಅದು ಬೆಳೆಯುವುದಿಲ್ಲ. ಬೆಳೆದದ್ದನ್ನು ಇಟ್ಟುಕೊಂಡು ನಿಧಾನವಾಗಿ ಕಾಯಿ ಬಿಡುತ್ತದೆ, ಅಷ್ಟೇ. ಇದು ಮೊದಲೇ ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಎರಡನೆಯದು ಸಗಣಿ. ಹಿಂದೆ ಪ್ಯಾರಿಸ್ ಸುತ್ತಲಿನ ತರಕಾರಿ ತೋಟದವರು ಕುದುರೆ ಲದ್ದಿಯನ್ನು ಮಡಿಯ ಕೆಳಗೆ ಹೂತು, ಅದು ಕೊಳೆಯುವಾಗ ಬರುವ ಕಾವಿನಲ್ಲಿ ಚಳಿಗಾಲದಲ್ಲೂ ಬೆಳೆ ತೆಗೆಯುತ್ತಿದ್ದರು. ನಮ್ಮಲ್ಲಿ ಕುದುರೆ ಎಲ್ಲಿ? ದನದ ಸಗಣಿಗೆ ಅಷ್ಟು ಕಾವಿಲ್ಲ. ಹಾಗಾಗಿ ಹಸಿ ಸಗಣಿ, ಕುರಿ ಹಿಕ್ಕೆ, ಕತ್ತರಿಸಿದ ರಾಗಿ ಹುಲ್ಲು ಮೂರನ್ನೂ ಕಲಸಿ ಒಂದೂವರೆ ಅಡಿ ಗುಂಡಿಗೆ ತುಳಿದು ತುಂಬಿದೆ. ಮೇಲೆ ಒಂದು ಗೇಣು ಮಣ್ಣು. ಮೊದಲ ವಾರ ಕೈ ಇಡಲಾಗದಷ್ಟು ಬಿಸಿ ಇತ್ತು. ಅದು ಇಳಿಯುವವರೆಗೆ ಸಸಿ ನೆಡಬಾರದು, ಬೇರು ಸುಡುತ್ತದೆ. ಡಿಸೆಂಬರಿನಲ್ಲಿ ಕಾವು ಆರಿದಾಗ ಮಡಿಯ ಎರಡೂ ಪಕ್ಕ ಕಾಲುವೆ ತೋಡಿ ಹೊಸದಾಗಿ ತುಂಬಿದೆ.

ಮೂರನೆಯದು ನೀರು. 20 ಲೀಟರಿನ ಎಂಟು ಹಳೆ ಕ್ಯಾನಿಗೆ ಕಪ್ಪು ಬಣ್ಣ ಹಚ್ಚಿ, ನೀರು ತುಂಬಿ, ಗಿಡಗಳ ನಡುವೆ ಇಟ್ಟೆ. ಹಗಲು ಬಿಸಿಲು ಕುಡಿಯುತ್ತವೆ, ರಾತ್ರಿ ಬಿಡುತ್ತವೆ. 160 ಲೀಟರ್ ನೀರು 10 ಡಿಗ್ರಿ ತಣಿದರೆ ಸುಮಾರು 1.9 ಯೂನಿಟ್ ಕರೆಂಟಿನಷ್ಟು ಶಾಖ. ಬಿಲ್ಲಿಲ್ಲದ ಹೀಟರ್ ಅಲ್ವಾ! ಸಂಜೆ ಐದಕ್ಕೆ ಶೀಟಿನ ಮೇಲೆ ರಾಗಿ ಹುಲ್ಲಿನ ಚಾಪೆ ಹೊದಿಸುತ್ತೇನೆ. ಬೆಳಗ್ಗೆ ಎಂಟಕ್ಕೆ ತೆಗೆಯುತ್ತೇನೆ. ಒಂಬತ್ತೂವರೆಗೆ ಶೀಟಿನ ಎರಡು ತುದಿ ಎತ್ತಿ ಗಾಳಿ ಬಿಡುತ್ತೇನೆ. ಒಂದು ದಿನ ಮದುವೆಗೆ ಹೋಗಿ ಇದನ್ನು ಮರೆತಿದ್ದಕ್ಕೆ ನಾಲ್ಕು ಗಿಡ ಬಾಡಿದವು. ಸಾಕಿದ ಕರುವಿನ ಹಾಗೆ ಇದು, ಮನೆಯಲ್ಲಿ ಯಾರಾದರೂ ಇರಲೇಬೇಕು.

ಸೌತೆಯ ವಿಷಯ ಬೇರೆಯೇ. ಹೊತ್ತು ಕಿರಿದಾಗಿ ರಾತ್ರಿ ತಂಪಾದರೆ ಸೌತೆ ಬಳ್ಳಿಯಲ್ಲಿ ಹೆಣ್ಣು ಹೂ ಹೆಚ್ಚು ಬರುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. ಗೆಣ್ಣಿಗೊಂದು ಪುಟ್ಟ ಕಾಯಿ ನೋಡಿ ಕುಣಿದಾಡಿದೆ. ಎಲ್ಲವೂ ಹಳದಿಯಾಗಿ ಉದುರಿದವು. ಗಂಡು ಹೂ ಕಡಿಮೆ, ಮುಚ್ಚಿದ ಶೀಟಿನೊಳಗೆ ಜೇನೂ ಬರುವುದಿಲ್ಲ. ಈಗ ಬೆಳಗ್ಗೆ ಗಾಳಿ ಬಿಡುವಾಗ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿಗೆ ಮುಟ್ಟಿಸುತ್ತೇನೆ. ಹೀರೆಯ ಹೂ ಅರಳುವುದು ಸಂಜೆ. ಅದಕ್ಕೆ ಚಾಪೆ ಹೊದಿಸುವ ಮೊದಲು ಇನ್ನೊಂದು ಸುತ್ತು. ಬೆಂಡೆಗೆ ಈ ಕಷ್ಟವಿಲ್ಲ, ಅದರ ಹೂವಿನಲ್ಲಿ ಎರಡೂ ಇದೆ.

ಹಾಗಲ ಸೋತಿತು. ಬದನೆ ಏನೂ ಮಾಡದೆ ಹೊರಗೇ ಬಂತು.

ಬೆಂಡೆ ಮಾತ್ರ ನಿಂತಿದೆ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಕೀಳುವ ಕಾಯಿ ಈಗ ಎಂಟು, ಒಂಬತ್ತು ದಿನ ತೆಗೆದುಕೊಳ್ಳುತ್ತದೆ. ಅಷ್ಟು ದಿನ ಕಾದರೆ ನಾರು ಬರುತ್ತದೆ ಅಂತ, ಕಿರುಬೆರಳಿನಷ್ಟಿರುವಾಗಲೇ ಕೀಳುತ್ತೇನೆ. ಮೂವತ್ತೆರಡು ಗಿಡದಿಂದ ವಾರಕ್ಕೆ ಮುಕ್ಕಾಲು ಕೆಜಿ. ಮಾರುವ ಬೆಳೆ ಅಲ್ಲ ಇದು, ಯಾರೂ ಆ ಲೆಕ್ಕದಲ್ಲಿ ಇಳಿಯಬೇಡಿ. ಆದರೆ ಚಳಿಗೆ ಹಳದಿ ನಂಜು ಹರಡುವ ಬಿಳಿನೊಣ ಕಡಿಮೆ, ಔಷಧಿ ಮುಟ್ಟಿಲ್ಲ.

ಸಂಕ್ರಾಂತಿ ದಿನ ಹುಳಿ ಮಾಡಿದೆ. ಅತ್ತೆ ಎರಡನೇ ಸಲ ಬಡಿಸಿಕೊಂಡರು. ಊಟ ಆದ ಮೇಲೆ ಶಾಲು ಹೊದ್ದು ಹಿತ್ತಲಿಗೆ ಬಂದು, ಶೀಟ್ ಎತ್ತಿ ಒಳಗೆ ಕೈ ಹಾಕಿ ಮಣ್ಣು ಮುಟ್ಟಿದರು. "ಬಾಣಂತಿ ಕೋಣೆ ಇದ್ದಂಗೈತೆ" ಅಂದರು. ಐದಾಗುತ್ತಾ ಬಂದಿತ್ತು. ಚಾಪೆಯ ಇನ್ನೊಂದು ತುದಿ ಅವರೇ ಹಿಡಿದುಕೊಂಡರು.