ಕ್ಯಾಮೆರಾ ಪರದೆಯ ಬಣ್ಣವೂ ಕಂಪ್ಯೂಟರಿನ ರಾ ಫೈಲೂ

ಲೈಟ್‌ರೂಮ್‌ನಂತಹ ಚಿತ್ರ ಸಂಸ್ಕರಣೆಯ ತಂತ್ರಾಂಶದಲ್ಲಿ ರಾ ಫೈಲುಗಳನ್ನು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ದತ್ತಾಂಶದ ಫೈಲುಗಳನ್ನು, ತೆರೆಯುವವರು ಬೇಗನೆ ಗಮನಿಸುವ ಸಂಗತಿಯೊಂದಿದೆ. ಚಿತ್ರವು ಮೊದಲು ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಕಂಡಷ್ಟೇ ಗಾಢವಾಗಿ ಕಾಣಿಸಿಕೊಂಡು, ಒಂದೆರಡು ಕ್ಷಣಗಳಲ್ಲಿ ನೋಡನೋಡುತ್ತಿದ್ದಂತೆಯೇ ಮಂಕಾಗುತ್ತದೆ. ಆಕಾಶದ ನೀಲಿ ತೆಳುವಾಗುತ್ತದೆ, ಮುಖದ ಬಣ್ಣ ಸ್ವಲ್ಪ ಬದಲಾಗುತ್ತದೆ, ನೆರಳಿನ ಭಾಗಗಳ ಗಟ್ಟಿತನ ಸಡಿಲಗೊಳ್ಳುತ್ತದೆ. ತಂತ್ರಾಂಶವು ಚಿತ್ರವನ್ನು ಹಾಳುಮಾಡಿತೆಂದು ಕೆಲವರು ಭಾವಿಸಿದರೆ, ಕ್ಯಾಮೆರಾದ ಪರದೆ ತಮಗೆ ಸುಳ್ಳು ತೋರಿಸಿತೆಂದು ಇನ್ನು ಕೆಲವರು ದೂರುತ್ತಾರೆ. ಇವೆರಡರಲ್ಲಿ ಯಾವುದು ನಿಜವಾದ ಬಣ್ಣ ಎಂಬ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು ಎಂಬುದು ನನ್ನ ಅಭಿಪ್ರಾಯ.

ಆ ಒಂದೆರಡು ಕ್ಷಣಗಳಲ್ಲಿ ನಡೆಯುವುದು ಇಷ್ಟೇ: ನಾವು ಕ್ಯಾಮೆರಾವನ್ನು ಕೇವಲ ರಾ ಉಳಿಸುವಂತೆ ಹೊಂದಿಸಿದ್ದರೂ, ಅದು ಪ್ರತಿ ರಾ ಫೈಲಿನೊಳಗೆ ತಾನೇ ಸಿದ್ಧಪಡಿಸಿದ ಒಂದು ಜೆಪೆಗ್ ಚಿತ್ರವನ್ನು ಸೇರಿಸಿರುತ್ತದೆ. ಪರದೆಯ ಮೇಲೆ ನಾವು ದೊಡ್ಡದು ಮಾಡಿ ನೋಡುವುದು ಆ ಜೆಪೆಗ್ಗನ್ನೇ ಹೊರತು ರಾ ದತ್ತಾಂಶವನ್ನಲ್ಲ. ಕಂಪ್ಯೂಟರಿನ ತಂತ್ರಾಂಶವೂ ತಡವಾಗಬಾರದೆಂದು ಮೊದಲು ಅದನ್ನೇ ತೋರಿಸಿ, ಆಮೇಲೆ ಮೂಲ ದತ್ತಾಂಶವನ್ನು ಓದಿ ತನ್ನದೇ ಲೆಕ್ಕಾಚಾರದ ಚಿತ್ರವನ್ನು ಅದರ ಜಾಗದಲ್ಲಿ ಇರಿಸುತ್ತದೆ. ಎಕ್ಸಿಫ್‌ಟೂಲ್ ಎಂಬ ಉಚಿತ ಉಪಕರಣದಿಂದ ಆ ಜೆಪೆಗ್ಗನ್ನು ಹೊರತೆಗೆದು ಪಕ್ಕದಲ್ಲಿಟ್ಟು ನೋಡಿದರೆ, ಕಣ್ಮರೆಯಾಯಿತೆಂದುಕೊಂಡ ಬಣ್ಣ ಎಲ್ಲಿಂದ ಬಂದಿತ್ತೆಂಬುದು ಸ್ಪಷ್ಟವಾಗುತ್ತದೆ.

ರಾ ದತ್ತಾಂಶದಲ್ಲಿ, ನಾವು ಸಾಮಾನ್ಯವಾಗಿ ತಿಳಿಯುವ ಅರ್ಥದ ಬಣ್ಣ ಇರುವುದೇ ಇಲ್ಲ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ವಿನ್ಯಾಸವನ್ನೇ ಇಂದಿನ ಕ್ಯಾಮೆರಾಗಳ ಹೆಚ್ಚಿನ ಸೆನ್ಸರ್‌ಗಳು (ಬೆಳಕನ್ನು ಗ್ರಹಿಸುವ ಫಲಕಗಳು) ಅನುಸರಿಸುತ್ತವೆ. ಇದರಲ್ಲಿ ಪ್ರತಿಯೊಂದು ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿಯ ಒಂದೇ ಒಂದು ಶೋಧಕ ಇರುತ್ತದೆ. ಒಟ್ಟು ಬಿಂದುಗಳಲ್ಲಿ ಅರ್ಧದಷ್ಟು ಹಸಿರಿನವು, ಉಳಿದವು ಕೆಂಪು ಮತ್ತು ನೀಲಿಗೆ ಕಾಲುಭಾಗದಂತೆ ಹಂಚಿಹೋಗಿವೆ. ಬಿಂದುವೊಂದು ದಾಖಲಿಸುವುದು ತನ್ನ ಶೋಧಕದ ಮೂಲಕ ಬಂದ ಬೆಳಕಿನ ಪ್ರಮಾಣವನ್ನು ಮಾತ್ರ. 14 ಬಿಟ್‌ನ ಫೈಲಿನಲ್ಲಿ ಅದು 0ಯಿಂದ 16383ರವರೆಗಿನ ಒಂದು ಸಂಖ್ಯೆ. ಈ ಸಂಖ್ಯೆಗಳನ್ನು ಯಾವ ಸಂಸ್ಕರಣೆಯೂ ಇಲ್ಲದೆ ಪರದೆಗೆ ತಂದರೆ ಕಾಣುವುದು ಹಸಿರು ಛಾಯೆಯ, ಬಹಳ ಕತ್ತಲಾದ ಒಂದು ಚಿತ್ರ. ಬಿಂದುಗಳ ನಡುವಿನ ಬಣ್ಣವನ್ನು ಊಹಿಸುವುದು, ವೈಟ್ ಬ್ಯಾಲೆನ್ಸಿಗಾಗಿ (ಬಿಳಿ ಬಿಳಿಯಾಗಿಯೇ ಕಾಣಲೆಂದು) ಕೆಂಪು ಮತ್ತು ನೀಲಿಯನ್ನು ಗುಣಿಸುವುದು, ಸೆನ್ಸರಿನ ಬಣ್ಣವನ್ನು ಮನುಷ್ಯರ ಕಣ್ಣಿನ ಬಣ್ಣಕ್ಕೆ ಹೊಂದಿಸುವುದು, ಕೊನೆಗೆ ಬೆಳಕು ನೆರಳುಗಳ ಮಟ್ಟವನ್ನು ಒಂದು ಕರ್ವ್‌ನಿಂದ ಹೊಂದಿಸುವುದು, ಇಷ್ಟೆಲ್ಲ ಆದ ಮೇಲೆಯೇ ಅದು ನೋಡುವಂತಾಗುತ್ತದೆ. ಪ್ರತಿ ಹಂತದಲ್ಲೂ ಯಾರೋ ಒಬ್ಬರ ಅಭಿರುಚಿಯ ತೀರ್ಮಾನ ಅಡಗಿರುತ್ತದೆ.

ಕ್ಯಾಮೆರಾದೊಳಗೆ ಆ ತೀರ್ಮಾನ ತಯಾರಕರದ್ದು. ನಿಕಾನ್ ಇದನ್ನು ಪಿಕ್ಚರ್ ಕಂಟ್ರೋಲ್ ಎನ್ನುತ್ತದೆ, ಕ್ಯಾನನ್ ಪಿಕ್ಚರ್ ಸ್ಟೈಲ್ ಎನ್ನುತ್ತದೆ, ಫ್ಯೂಜಿಫಿಲ್ಮ್ ಫಿಲ್ಮ್ ಸಿಮ್ಯುಲೇಷನ್ ಎನ್ನುತ್ತದೆ. ನಾವು ಏನನ್ನೂ ಆರಿಸದಿದ್ದರೂ ಇವುಗಳಲ್ಲೊಂದು ಕೆಲಸ ಮಾಡುತ್ತಲೇ ಇರುತ್ತದೆ. ಕಂಪ್ಯೂಟರಿನಲ್ಲಿ ಬೇರೆ ಸಂಸ್ಥೆಯ ತಂತ್ರಾಂಶವು ನಮ್ಮ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಸಾಮಾನ್ಯವಾಗಿ ಗೌರವಿಸುತ್ತದೆಯಾದರೂ, ಕಾಂಟ್ರಾಸ್ಟ್, ಸ್ಯಾಚುರೇಷನ್, ಶಾರ್ಪ್‌ನೆಸ್ ಮೊದಲಾದ ಹೊಂದಾಣಿಕೆಗಳನ್ನು ಬಹುಮಟ್ಟಿಗೆ ಬದಿಗಿರಿಸಿ ತನ್ನದೇ ಪ್ರೊಫೈಲಿನಿಂದ (ಬಣ್ಣಗಳನ್ನು ಹೇಗೆ ತೋರಿಸಬೇಕೆಂಬ ಸೂತ್ರದಿಂದ) ಆರಂಭಿಸುತ್ತದೆ. ಹೀಗಾಗಿ ಕಪ್ಪುಬಿಳುಪಿನ ಸ್ಟೈಲಿನಲ್ಲಿ ತೆಗೆದ ರಾ ಚಿತ್ರಗಳು ಕಂಪ್ಯೂಟರಿನಲ್ಲಿ ಒಂದೊಂದಾಗಿ ಬಣ್ಣ ತುಂಬಿಕೊಳ್ಳುವುದನ್ನು ಕಂಡು ಹೊಸಬರು ಗಾಬರಿಯಾಗುವುದುಂಟು. ನನಗಂತೂ ಇದು ಬಹಳ ಉಪಯುಕ್ತ ಸೌಲಭ್ಯ: ಚೌಕಟ್ಟಿನೊಳಗಿನ ಬೆಳಕು ನೆರಳುಗಳನ್ನು ಮಾತ್ರ ನೋಡುತ್ತ ಚಿತ್ರ ತೆಗೆಯಬಹುದು, ಬಣ್ಣ ಫೈಲಿನಲ್ಲಿ ಸುರಕ್ಷಿತವಾಗಿಯೇ ಇರುತ್ತದೆ.

ಬಣ್ಣದ ವ್ಯತ್ಯಾಸಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಹಿಸ್ಟೋಗ್ರಾಮಿನ ವಿಷಯದಲ್ಲಿ, ಅಂದರೆ ಎಡಗಡೆಯ ಕತ್ತಲಿನಿಂದ ಬಲಗಡೆಯ ಬೆಳಕಿನವರೆಗೆ ಯಾವ ಮಟ್ಟದ ಬಿಂದುಗಳು ಎಷ್ಟಿವೆ ಎಂದು ತೋರಿಸುವ ನಕ್ಷೆಯ ವಿಷಯದಲ್ಲಿ. ಪರದೆಯ ಬಣ್ಣವನ್ನು ಪೂರ್ತಿ ನಂಬಬಾರದೆಂದು ತಿಳಿದವರೂ ಹಿಸ್ಟೋಗ್ರಾಮನ್ನು ಅಳತೆಯ ಉಪಕರಣವೆಂದು ನಂಬುತ್ತಾರೆ. ಆದರೆ ಬಹುತೇಕ ಕ್ಯಾಮೆರಾಗಳಲ್ಲಿ ಅದನ್ನೂ, ಅತಿಯಾದ ಬೆಳಕಿನ ಜಾಗದಲ್ಲಿ ಮಿನುಗುವ ಎಚ್ಚರಿಕೆಯನ್ನೂ ಲೆಕ್ಕಹಾಕುವುದು ಅದೇ ಜೆಪೆಗ್ಗಿನಿಂದ. ಕಡುಗೆಂಪು ಹೂವೊಂದನ್ನು ಬಣ್ಣವನ್ನು ಗಾಢಗೊಳಿಸುವ ವಿವಿಡ್ ಸ್ಟೈಲಿನಲ್ಲಿ ತೆಗೆದರೆ ಕೆಂಪು ಚಾನೆಲ್ (ಚಿತ್ರದ ಕೆಂಪು ಅಂಶ) ನಕ್ಷೆಯ ಬಲಗಡೆಯ ಗೋಡೆಗೆ ಅಂಟಿಕೊಂಡಂತೆ ಕಾಣಬಹುದು, ದಳಗಳ ಮೇಲಿನ ನವಿರಾದ ಗೆರೆಗಳೆಲ್ಲ ಒಂದೇ ಕೆಂಪು ಮುದ್ದೆಯಾಗಿ ತೋರಬಹುದು. ಹಗಲಿನ ಬೆಳಕಿಗೆ ಹೊಂದಿಸಿದ ವೈಟ್ ಬ್ಯಾಲೆನ್ಸಿನಲ್ಲಿ ಹಲವು ಕ್ಯಾಮೆರಾಗಳು ಕೆಂಪು ಚಾನೆಲನ್ನು ಸುಮಾರು ಎರಡು ಪಟ್ಟು ಹೆಚ್ಚಿಸುವುದರಿಂದ, ಆ ಮುದ್ದೆ ಹುಟ್ಟಿದ್ದು ಗುಣಾಕಾರದಲ್ಲಿಯೋ, ಸ್ಯಾಚುರೇಷನ್ನಿನಲ್ಲಿಯೋ ಆಗಿರಬಹುದು. ಸೆನ್ಸರಿನಲ್ಲಿ ಬೆಳಕನ್ನು ಹಿಡಿಯಲು ಇನ್ನೂ ಸಾಕಷ್ಟು ಜಾಗ ಉಳಿದಿರಬಹುದು. ಹಿಸ್ಟೋಗ್ರಾಮನ್ನು ನಂಬಿ ಎಕ್ಸ್‌ಪೋಷರನ್ನು ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಇಳಿಸಿದರೆ, ಉಳಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲದ ಹೂವಿಗಾಗಿ ನೆರಳಿನ ಭಾಗಗಳಲ್ಲಿ ನಾಯ್ಸನ್ನು (ಕಾಳುಕಾಳಾದ ಮಚ್ಚೆಗಳನ್ನು) ಬೆಲೆಯಾಗಿ ತೆತ್ತಂತಾಗುತ್ತದೆ. ಇದರ ವಿರುದ್ಧ ದಿಕ್ಕಿನ ಮೋಸವೂ ಇದೆ. ಮೂರು ಚಾನೆಲ್ಲುಗಳನ್ನು ಬೆರೆಸಿ ತೋರಿಸುವ ಬಿಳಿಯ ಹಿಸ್ಟೋಗ್ರಾಮಿನಲ್ಲಿ ಹಸಿರಿನ ಪಾಲೇ ದೊಡ್ಡದಾದ್ದರಿಂದ, ಕೆಂಪು ಅಥವಾ ನೀಲಿ ನಿಜವಾಗಿಯೂ ತುಂಬಿಹೋದದ್ದು ಅದರಲ್ಲಿ ಗೋಚರಿಸದೆ ಉಳಿಯಬಹುದು. ಮೂರು ಬಣ್ಣಗಳನ್ನು ಬಿಡಿಯಾಗಿ ತೋರಿಸುವ ಆಯ್ಕೆ ಕ್ಯಾಮೆರಾದಲ್ಲಿದ್ದರೆ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಇದಕ್ಕೆ ಪರಿಹಾರವಾಗಿ ವೈಟ್ ಬ್ಯಾಲೆನ್ಸಿನ ಗುಣಾಕಾರದ ಅಂಶಗಳನ್ನೆಲ್ಲ ಒಂದಕ್ಕೆ ಸಮೀಪ ತರುವ ಯೂನಿಡಬ್ಲ್ಯೂಬಿ ಎಂಬ ವಿಧಾನವನ್ನು ಕೆಲವರು ಅನುಸರಿಸುತ್ತಾರೆ. ಹಿಸ್ಟೋಗ್ರಾಮ್ ರಾ ದತ್ತಾಂಶಕ್ಕೆ ಹತ್ತಿರ ಬರುತ್ತದೆ ಎನ್ನುವುದು ನಿಜ, ಆದರೆ ಪರದೆಯಲ್ಲಿ ಎಲ್ಲವೂ ಹಸಿರಾಗಿ ಕಾಣುತ್ತದೆ, ಪಕ್ಕದಲ್ಲಿ ನಿಂತವರಿಗೆ ಚಿತ್ರ ತೋರಿಸುವಂತಿಲ್ಲ. ನಾನು ಅಷ್ಟು ದೂರ ಹೋಗುವುದಿಲ್ಲ. ಸ್ಟೈಲನ್ನು ನ್ಯೂಟ್ರಲ್‌ಗೆ ಇಟ್ಟು ಕಾಂಟ್ರಾಸ್ಟನ್ನು ಇಳಿಸಿದರೆ ಪರದೆಯ ಚಿತ್ರ ಸಪ್ಪೆಯಾಗುತ್ತದೆ, ಹಿಸ್ಟೋಗ್ರಾಮ್ ಮಾತ್ರ ಹೆಚ್ಚು ಪ್ರಾಮಾಣಿಕವಾಗುತ್ತದೆ, ನನ್ನ ಕೆಲಸಕ್ಕೆ ಅಷ್ಟು ಸಾಕು.

ರಾ ಫೈಲು ಕಂಪ್ಯೂಟರಿನಲ್ಲಿ ಕತ್ತಲಾಗಿ ಕಾಣುವುದಕ್ಕೆ ಇನ್ನೊಂದು ಕಾರಣ ಕ್ಯಾಮೆರಾದ ಸ್ವಯಂಚಾಲಿತ ಸಹಾಯಗಳು. ಉದಾಹರಣೆಗೆ ಫ್ಯೂಜಿಫಿಲ್ಮ್ ಕ್ಯಾಮೆರಾಗಳಲ್ಲಿ ಡಿಆರ್200 ಎಂಬ ಡೈನಾಮಿಕ್ ರೇಂಜ್ ಹೊಂದಾಣಿಕೆಯನ್ನು ಆರಿಸಿದಾಗ ಬೆಳಕಿನ ಭಾಗಗಳನ್ನು ಕಾಪಾಡಲು ರಾ ದತ್ತಾಂಶವನ್ನು ಒಂದು ಸ್ಟಾಪಿನಷ್ಟು ಕಡಿಮೆ ಮಟ್ಟದಲ್ಲಿ ದಾಖಲಿಸಿ, ಜೆಪೆಗ್ ಮಾಡುವಾಗ ಉಳಿದುದನ್ನು ಮೇಲೆತ್ತಲಾಗುತ್ತದೆ. ಕೆಲವು ತಂತ್ರಾಂಶಗಳು ಈ ಸೂಚನೆಯನ್ನು ಓದಿ ಸರಿದೂಗಿಸುತ್ತವೆ. ಓದದಿದ್ದಲ್ಲಿ ಚಿತ್ರ ಒಂದು ಸ್ಟಾಪ್ ಕತ್ತಲಾಗಿಯೇ ತೆರೆದುಕೊಳ್ಳುತ್ತದೆ. ರಾ ಮಾತ್ರ ಬಳಸುವವರು ಇಂತಹ ಸಹಾಯಗಳನ್ನು ನಿಲ್ಲಿಸಿಬಿಡುವುದು ಲೇಸು.

ಕಲರ್ ಸ್ಪೇಸಿನ, ಅಂದರೆ ಚಿತ್ರವು ಬಳಸಬಹುದಾದ ಬಣ್ಣಗಳ ವ್ಯಾಪ್ತಿಯ, ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕ್ಯಾಮೆರಾದ ಮೆನುವಿನಲ್ಲಿ ಎಸ್‌ಆರ್‌ಜಿಬಿ ಇದೆಯೋ ಅಡೋಬಿ ಆರ್‌ಜಿಬಿ ಇದೆಯೋ ಎಂಬುದು ಜೆಪೆಗ್ಗಿಗೆ ಸಂಬಂಧಿಸಿದ ವಿಷಯ, ರಾ ದತ್ತಾಂಶವನ್ನು ಅದು ಮುಟ್ಟುವುದಿಲ್ಲ.

ಪರದೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕ್ಯಾಮೆರಾದ ಪರದೆಯನ್ನು ಒಮ್ಮೆ ಸುಡುಬಿಸಿಲಿನಲ್ಲಿ, ಇನ್ನೊಮ್ಮೆ ಕತ್ತಲ ಕೋಣೆಯಲ್ಲಿ ನೋಡುತ್ತೇವೆ. ಅದೇ ಚಿತ್ರ ಮೊದಲನೆಯ ಸಂದರ್ಭದಲ್ಲಿ ಕತ್ತಲಾಗಿಯೂ ಎರಡನೆಯದರಲ್ಲಿ ಕಣ್ಣು ಕುಕ್ಕುವಂತೆಯೂ ಇರುತ್ತದೆ, ಪರದೆಯ ಬೆಳಕು ಸ್ವಯಂಚಾಲಿತವಾಗಿದ್ದರೆ ಗೊಂದಲ ಮತ್ತಷ್ಟು ಹೆಚ್ಚುತ್ತದೆ. ಅದನ್ನು ಒಂದು ಮಟ್ಟದಲ್ಲಿ ನಿಲ್ಲಿಸಿಟ್ಟರೆ ಹೋಲಿಕೆಗೆ ಒಂದು ಆಧಾರವಾದರೂ ಸಿಗುತ್ತದೆ. ಕಂಪ್ಯೂಟರಿನ ಮಾನಿಟರುಗಳು ಪೆಟ್ಟಿಗೆಯಿಂದ ಹೊರಬಂದಾಗ ಸಾಮಾನ್ಯವಾಗಿ ಅಗತ್ಯಕ್ಕಿಂತ ಹೆಚ್ಚು ಪ್ರಕಾಶಮಾನವಾಗಿರುತ್ತವೆ, ಅನೇಕವು ನೀಲಿಯ ಕಡೆಗೂ ವಾಲಿರುತ್ತವೆ. ಅಳತೆಯ ಸಾಧನವೊಂದರಿಂದ ಬಿಳಿಯನ್ನು 6500 ಕೆಲ್ವಿನ್‌ಗೆ, ಪ್ರಕಾಶವನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗಳ ನಡುವೆ ತರುವುದು ರೂಢಿ. ಹೀಗೆ ಹೊಂದಿಸದ ಮಾನಿಟರಿನ ಮುಂದೆ ಕುಳಿತು ರಾ ಫೈಲಿನ ಬಣ್ಣವನ್ನು ದೂರುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಇಷ್ಟಾದ ಮೇಲೂ ಪರದೆಯಲ್ಲಿ ಕಂಡ ಬಣ್ಣವೇ ಬೇಕೆಂದರೆ ದಾರಿಗಳಿವೆ. ತಯಾರಕರ ಸ್ವಂತ ತಂತ್ರಾಂಶಗಳು, ಅಂದರೆ ಕ್ಯಾನನ್ನಿನ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನಿನ ಎನ್‌ಎಕ್ಸ್ ಸ್ಟುಡಿಯೋ ಮೊದಲಾದವು, ಕ್ಯಾಮೆರಾದ ಹೊಂದಾಣಿಕೆಗಳನ್ನು ಓದಿ ಅದೇ ನೋಟದಿಂದ ಆರಂಭಿಸುತ್ತವೆ. ಅಡೋಬಿಯ ತಂತ್ರಾಂಶಗಳಲ್ಲಿ ಹಲವು ಮಾದರಿಗಳಿಗೆ ಕ್ಯಾಮೆರಾ ಮ್ಯಾಚಿಂಗ್ ಪ್ರೊಫೈಲುಗಳಿವೆ. ಅವು ಹತ್ತಿರ ಬರುತ್ತವೆ, ಪೂರ್ತಿ ಒಂದಾಗುವುದಿಲ್ಲ. ಡಾರ್ಕ್‌ಟೇಬಲ್ ಎಂಬ ಉಚಿತ ರಾ ತಂತ್ರಾಂಶವು ಕ್ಯಾಮೆರಾ ತಯಾರಕರ ನೋಟವನ್ನು ಗುರಿಯಾಗಿಟ್ಟುಕೊಂಡದ್ದಲ್ಲ, ಚಿತ್ರವನ್ನು ರೂಪಿಸುವ ಕೆಲಸವನ್ನು ಬಳಕೆದಾರರ ಕೈಗೇ ಕೊಡುತ್ತದೆ. ನಾನು ಹೆಚ್ಚಾಗಿ ಅದರಲ್ಲೇ ಕೆಲಸ ಮಾಡುವುದರಿಂದ ಪರದೆಯ ನೋಟಕ್ಕೆ ಹೊಂದಿಸುವ ಪ್ರಯತ್ನವನ್ನೇ ಬಿಟ್ಟಿದ್ದೇನೆ.

ಬಟ್ಟೆ, ವರ್ಣಚಿತ್ರ ಮುಂತಾದವುಗಳ ಬಣ್ಣವನ್ನು ಇದ್ದಂತೆಯೇ ತೋರಿಸಬೇಕಾದ ಕೆಲಸ ಬೇರೆಯೇ. ಅಲ್ಲಿ ಕ್ಯಾಮೆರಾದ ಪರದೆಯೂ ತಂತ್ರಾಂಶದ ಮೊದಲ ನೋಟವೂ ಪ್ರಮಾಣವಾಗಲಾರವು. 24 ಬಣ್ಣದ ಚೌಕಗಳಿರುವ ಕಲರ್‌ಚೆಕರ್ ಹಲಗೆಯನ್ನು ಅದೇ ಬೆಳಕಿನಲ್ಲಿ ಒಮ್ಮೆ ಚಿತ್ರಿಸಿ, ಅದರಿಂದ ಆ ಕ್ಯಾಮೆರಾಕ್ಕೂ ಆ ಬೆಳಕಿಗೂ ತಕ್ಕ ಪ್ರೊಫೈಲನ್ನು ಸಿದ್ಧಪಡಿಸಿಕೊಳ್ಳಬೇಕು. ಅಂತಹ ಪ್ರೊಫೈಲಿನಲ್ಲಿ ಮುಖಚಿತ್ರಗಳನ್ನು ತೆರೆದರೆ ಅವು ಹಲವರಿಗೆ ರುಚಿಸುವುದಿಲ್ಲ. ತಯಾರಕರು ಚರ್ಮದ ಬಣ್ಣವನ್ನು ಉದ್ದೇಶಪೂರ್ವಕವಾಗಿಯೇ ಸ್ವಲ್ಪ ಹಿತವಾಗಿ ಬಾಗಿಸಿರುತ್ತಾರೆ, ನಮ್ಮ ಕಣ್ಣು ಅದಕ್ಕೆ ಒಗ್ಗಿಹೋಗಿರುತ್ತದೆ. ಆದ್ದರಿಂದ ವ್ಯಕ್ತಿಗಳ ಚಿತ್ರ ತೆಗೆಯುವಾಗ, ಎದುರಿಗಿರುವವರು ಪರದೆಯನ್ನು ನೋಡಿ ಇದೇ ಚೆನ್ನಾಗಿದೆ ಎನ್ನುವ ಸಾಧ್ಯತೆ ಇದ್ದರೆ, ನಾನು ನ್ಯೂಟ್ರಲ್ ಬಿಟ್ಟು ಅವರಿಗೆ ಹಿಡಿಸುವ ಸ್ಟೈಲನ್ನು ಆರಿಸಿ, ರಾ ಜೊತೆಗೆ ಜೆಪೆಗ್ಗನ್ನೂ ಉಳಿಸುವಂತೆ ಕ್ಯಾಮೆರಾವನ್ನು ಹೊಂದಿಸುತ್ತೇನೆ. ಅವರು ಮೆಚ್ಚಿದ ಚಿತ್ರ ಆಗ ಮೆಚ್ಚಿದ ರೂಪದಲ್ಲಿಯೇ ಅವರಿಗೆ ಸಿಗುತ್ತದೆ, ರಾ ಫೈಲು ನನ್ನ ಕೆಲಸಕ್ಕೆ ಉಳಿಯುತ್ತದೆ.