ಸಂಜೆ ಬೆಳಕು ನುಂಗಿದ ಬಣ್ಣ

ಹೋದ ವರ್ಷ ಹಕ್ಕಿ ಸರ್ವೇ ಆ್ಯಪ್‌ನಲ್ಲಿ ಹಾಕಿದ ಆ ಎಂಟ್ರಿ ನೆನಪಾದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಮುನ್ನಾರ್ ಕಡೆ ಮೂರು ತಿಂಗಳ ಸರ್ವೇ ಮುಗಿಸಿ ನೇರ ಬಾಬಾಬುಡನ್‌ಗಿರಿಗೆ ಬಂದಿದ್ದೆ. ಮುನ್ನಾರ್‌ನಲ್ಲಿ ದಿನಾ ಸಿಗುತ್ತಿದ್ದದ್ದು ಬಿಳಿಹೊಟ್ಟೆ ಶೋಲಕಿಲಿ, ಬೆಟ್ಟದ ಮೇಲಿನ ಶೋಲೆ ಕಾಡಿನ ಪುಟ್ಟ ಹಕ್ಕಿ. ಅದರ ಪಕ್ಕೆ ನೀಲಿ ಮಿಶ್ರಿತ ಬೂದು. ನಮ್ಮ ಕಡೆಯ ನೀಲಗಿರಿ ಶೋಲಕಿಲಿಗೆ ಪಕ್ಕೆ ಇಟ್ಟಿಗೆಗೆಂಪು. ಇಷ್ಟು ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ.

ಸಂಜೆ ಆರೂಕಾಲು, ನಿಂತು ಹಕ್ಕಿ ಎಣಿಸುವ ಜಾಗಗಳಲ್ಲಿ ಕೊನೆಯ ಪಾಯಿಂಟ್. ತೊರೆ ಪಕ್ಕದ ಕುರಿಂಜಿ ಪೊದೆಯೊಳಗೆ ಹಾಡು ಶುರುವಾಯಿತು. ಉಸಿರು ಬಿಗಿಹಿಡಿದು ಕೂತೆ. ಉಂಬಳ ಕಾಲು ಹತ್ತುತ್ತಿದ್ದರೂ ಅಲುಗಲಿಲ್ಲ. ಹಾಡು ನಿಂತಿತು. ಉದ್ದ ಕಾಲಿನ ಹಕ್ಕಿ ತರಗೆಲೆ ಮೇಲೆ ಎರಡು ಸಲ ಕುಪ್ಪಳಿಸಿತು. ಹೊಟ್ಟೆ ಬಿಳಿ, ಪಕ್ಕೆ ಬೂದು. ಎರಡೇ ಸೆಕೆಂಡು, ಮತ್ತೆ ಪೊದೆ. ಆ್ಯಪ್‌ನಲ್ಲಿ ಬಿಳಿಹೊಟ್ಟೆ ಅಂತ ಹಾಕಿ, ‘ಖಚಿತ’ ಒತ್ತಿದೆ.

ರಾತ್ರಿ ಡೇಟಾ ನೋಡಿದ ಮೇಡಂ, “ಪಾಲಕ್ಕಾಡ್ ಗ್ಯಾಪ್ ದಾಟಿ ಇಲ್ಲಿಗೆ ಹೇಗೆ ಬಂತು ಮಾರಾಯಾ?” ಅಂದರು. ಪಾಲಕ್ಕಾಡ್ ಗ್ಯಾಪ್ ಅಂದರೆ ಪಶ್ಚಿಮ ಘಟ್ಟದ ನಡುವಿನ ತಗ್ಗು; ಬಿಳಿಹೊಟ್ಟೆ ಅದರ ತೆಂಕಣಕ್ಕೆ, ನೀಲಗಿರಿಯದ್ದು ಬಡಗಣಕ್ಕೆ. ಎತ್ತರದ ಶೋಲೆ ಬಿಟ್ಟು ಇಳಿಯದ ಹಕ್ಕಿ ಅದು. ಆ ಬಿಸಿಲ ಬಯಲು ದಾಟಲಾರದೇ ತಾನೇ ಎರಡೂ ಬೇರೆ ಬೇರೆ ಆಗಿದ್ದು? 2017ರಲ್ಲಿ ಇವಕ್ಕೆ ಶೋಲಿಕೋಲ ಅನ್ನೋ ಹೊಸ ಕುಲ ಕೊಟ್ಟಾಗ, ಇನ್ನೂ ಕೆಳಗಿನ ಅಂಥದ್ದೇ ತಗ್ಗಾದ ಶೆಂಕೋಟೆ ಗ್ಯಾಪ್‌ನ ತೆಂಕಣ ಬೆಟ್ಟಗಳದ್ದು ಮೂರನೇ ಜಾತಿಯಾಯಿತು. ಎಲ್ಲ ಓದಿಕೊಂಡಿದ್ದೆ. ಆದರೂ “ಕಣ್ಣಾರೆ ಕಂಡಿದ್ದೀನಿ ಮೇಡಂ, ಹಾಡೂ ಅದೇ ಥರ” ಅಂತ ವಾದಕ್ಕಿಳಿದೆ. ಹಾಡು ಬೆಟ್ಟದಿಂದ ಬೆಟ್ಟಕ್ಕೆ ಬದಲಾಗುತ್ತದೆ ಅನ್ನೋದೂ ಗೊತ್ತಿತ್ತು. ಹೊಸ ರೆಕಾರ್ಡ್ ಸಿಕ್ಕಿತು ಅನ್ನೋ ಆಸೆ ಅದನ್ನೆಲ್ಲ ಮುಚ್ಚಿಹಾಕಿತ್ತು.

ಮೇಡಂ ಜಾಸ್ತಿ ಮಾತಾಡಲಿಲ್ಲ. ಮರುದಿನ ಬ್ಯಾಂಡಿಂಗ್ ಇತ್ತು, ಅಂದರೆ ಹಕ್ಕಿ ಹಿಡಿದು ಕಾಲಿಗೆ ಉಂಗುರ ಹಾಕಿ ಬಿಡುವ ಕೆಲಸ. ಅದೇ ತೊರೆ ಪಕ್ಕ ನೆಟ್ ಕಟ್ಟಿಸಿದರು. ಮೂರನೇ ರೌಂಡ್‌ನಲ್ಲಿ ಕೆಳಗಿನ ಪಾಕೆಟ್‌ನಲ್ಲಿ ಒಂದು ಸಿಕ್ಕಿತ್ತು. ಕಾಲಿನ ದಾರ ಬಿಡಿಸುವಾಗ ನನ್ನ ಬೆರಳು ನಡುಗುತ್ತಿತ್ತು. ಅಂಗೈಯಲ್ಲಿ ಅದರ ಎದೆ ಡವಗುಟ್ಟುತ್ತಿತ್ತು. ತಲೆ, ಎದೆ ಎಲ್ಲ ಕಡು ನೀಲಿ, ಹೊಟ್ಟೆ ನಡುವೆ ಬಿಳಿ. ರೆಕ್ಕೆಯನ್ನು ಚೂರೇ ಸರಿಸಿದೆ. ಪಕ್ಕೆಯುದ್ದಕ್ಕೂ ಕೆಂಪು, ಈಗಷ್ಟೇ ನೀರು ಬಿದ್ದ ಇಟ್ಟಿಗೆಯಂತೆ.

ಬೆಳಕು ಇಳಿದಂತೆ ನಮ್ಮ ಕಣ್ಣಿಗೆ ಮೊದಲು ಮಂಕಾಗುವುದು ಕೆಂಪೇ. ಮುಕ್ಕಾಲು ಪಕ್ಕೆಯನ್ನು ರೆಕ್ಕೆ ಮುಚ್ಚಿತ್ತು. ಉಳಿದದ್ದನ್ನು ಮುನ್ನಾರ್‌ನ ಅಭ್ಯಾಸ ತುಂಬಿಕೊಂಡಿತ್ತು.

ಈಗ ಸಂಜೆ ಪಾಯಿಂಟ್‌ಗಳಲ್ಲಿ ಬೆಳಕು ಹೇಗಿತ್ತು ಅಂತ ಮೊದಲು ಬರೆಯುತ್ತೇನೆ. ಪಕ್ಕೆ ಸರಿಯಾಗಿ ಕಾಣದಿದ್ದರೆ ‘ಪಕ್ಕೆ ಕಂಡಿಲ್ಲ’ ಅಂತಲೇ ಬರೆಯುತ್ತೇನೆ. ಆದರೆ ಆ್ಯಪ್‌ನಲ್ಲಿ ಮೂರೂ ಹೆಸರು ಒಂದರ ಕೆಳಗೊಂದು ಹಾಗೇ ಇವೆ. ಯಾವ ಬೆಟ್ಟದಲ್ಲಿ ನಿಂತು ಯಾವುದನ್ನು ಒತ್ತಿದರೂ ತಗೊಳ್ಳುತ್ತದೆ. ಜಾಗ ನೋಡಿ ಎಚ್ಚರಿಸುವ ಹಾಗೆ ಮಾಡಿ ಅಂತ ಆಫೀಸಿಗೆ ಮೂರು ಸಲ ಮೇಲ್ ಹಾಕಿದ್ದೇನೆ. ಹೊಸ ಹುಡುಗರು ಮುಂದಿನ ತಿಂಗಳು ಬೆಟ್ಟ ಹತ್ತುತ್ತಾರೆ, ಅಷ್ಟರೊಳಗೆ ಆಗಬೇಕು.